ಎರಡು ಮೇಳ, ಒಂದು ಪ್ರಸಂಗ: ಅಮೆರಿಕದ ಕಾಮಿಕ್ಸಿನ ಒಂದು ಕೂಡಾಟ

ಇವತ್ತಿನ ಮಾತು ಬಣ್ಣದ ಚಿತ್ರಕತೆಗಳ ಬಗ್ಗೆ, ಅಂದರೆ ಕಾಮಿಕ್ಸ್ ಬಗ್ಗೆ. ಇದು ಮಕ್ಕಳ ವಿಷಯ, ನಮಗೇನು ಎಂದು ಹಿರಿಯರು ರೇಡಿಯೋ ಆರಿಸಬೇಡಿ. ಇದರಲ್ಲಿ ನಾವೂ ನೀವೂ ಕೇಳಬೇಕಾದ ಒಂದು ಸಂಗತಿಯಿದೆ. ಎರಡು ಗುಂಪುಗಳು. ಎರಡರಲ್ಲಿಯೂ ಒಳ್ಳೆಯವರೇ ಇದ್ದಾರೆ. ಹಾಗಿದ್ದೂ ಪರಸ್ಪರ ಹೊಡೆದಾಡುತ್ತಾರೆ. ಯಾಕೆ ಹೊಡೆದಾಡುತ್ತಾರೆ, ಯಾರು ಹೊಡೆದಾಡಿಸುತ್ತಾರೆ, ಕೊನೆಗೆ ಜಗಳ ಹೇಗೆ ನಿಲ್ಲುತ್ತದೆ? 1973ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಚಿತ್ರಕತೆ ಈ ಪ್ರಶ್ನೆಗಳನ್ನು ಎತ್ತಿಕೊಂಡು ಬಂದಿತ್ತು.

ಚಿತ್ರಕತೆ ನಮ್ಮ ಗಡಿನಾಡಿಗೆ ಹೊಸತಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರು ಮರಾಠಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ವೇತಾಳನನ್ನು ಬಲ್ಲರು. 1964ರಲ್ಲಿ ಶುರುವಾದ ಆ ಮಾಲೆ 1990ರಲ್ಲಿ ನಿಂತಿತು. ಹೊಸೂರು, ತಾಳವಾಡಿಯ ಕಡೆ ತಮಿಳು ಓದಬಲ್ಲವರಿಗೆ ಶಿವಕಾಶಿಯಿಂದ 1972ರಿಂದ ಬಂದ ಮುತ್ತು ಕಾಮಿಕ್ಸ್ ಗೊತ್ತು. ಅದರ ಉಕ್ಕಿನ ಕೈಯ ಮಾಯಾವಿ ಇಂಗ್ಲೆಂಡಿನಿಂದ ಬಂದವನು. ಇನ್ನು 1967ರಲ್ಲಿ ಅಮರ ಚಿತ್ರ ಕಥಾ ಮಾಲೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆದ್ದರಿಂದ ಚಿತ್ರ ನೋಡುತ್ತಾ ಮಾತು ಓದುವ ಅಭ್ಯಾಸ ನಮ್ಮಲ್ಲಿ ಮೊದಲಿನಿಂದಲೂ ಇದೆ.

ಆದರೆ ಆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ ಒಂದು ಕತೆ. ಓದಿ ಮುಗಿಸಿದರೆ ಮುಗಿಯಿತು. ಅಮೆರಿಕದಲ್ಲಿ ಬೆಳೆದದ್ದು ಬೇರೊಂದು ಪದ್ಧತಿ. ಅಲ್ಲಿ ಒಂದೇ ಪ್ರಕಾಶಕರು ಹತ್ತಾರು ಮಾಸಪತ್ರಿಕೆಗಳನ್ನು ತರುತ್ತಾರೆ. ಒಂದೊಂದು ಪತ್ರಿಕೆಗೆ ಒಬ್ಬ ವೀರ, ಅಥವಾ ವೀರರ ಒಂದು ತಂಡ. ಈ ವೀರರೆಲ್ಲ ಒಂದೇ ಲೋಕದಲ್ಲಿ, ಹಲವರಂತೂ ಒಂದೇ ನ್ಯೂಯಾರ್ಕ್ ನಗರದಲ್ಲಿ, ವಾಸವಾಗಿದ್ದಾರೆ ಎಂದು ಲೆಕ್ಕ. ಹಾಗಾದರೆ ಒಬ್ಬನ ಕತೆ ಇನ್ನೊಬ್ಬನ ಪತ್ರಿಕೆಗೆ ದಾಟಬಾರದೇಕೆ? ಹೀಗೆ ದಾಟುವ ಕತೆಗೆ ಇಂಗ್ಲಿಷಿನಲ್ಲಿ ಕ್ರಾಸ್‌ಓವರ್ ಎನ್ನುತ್ತಾರೆ.

ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ಜೋಡಾಟ, ಕೂಡಾಟ ಎಂಬ ಎರಡು ಬಗೆಯಿವೆ. ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ, ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಸ್ಪರ್ಧೆಯಿಂದ ಆಡಿದರೆ ಅದು ಜೋಡಾಟ. ಎರಡು ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ ಸೇರಿ ಆಡಿದರೆ ಅದು ಕೂಡಾಟ. ಜೋಡಾಟದಲ್ಲಿ ಪ್ರೇಕ್ಷಕನ ಕಣ್ಣು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಕೂಡಾಟದಲ್ಲಿ ಎಲ್ಲರೂ ಎದುರಿಗೆ. ನಾನು ಹೇಳಹೊರಟ ಅಮೆರಿಕದ ಕತೆ ಜೋಡಾಟವಾಗಿ ಆರಂಭವಾಗಿ ಕೂಡಾಟವಾಗಿ ಮುಗಿಯುತ್ತದೆ.

ಮೊದಲು ಎರಡು ಮೇಳಗಳ ಪರಿಚಯ ಮಾಡಿಕೊಳ್ಳೋಣ.

ಒಂದು ಅವೆಂಜರ್ಸ್. ಮಾರ್ವೆಲ್ ಎಂಬ ಪ್ರಕಾಶನದವರು 1963ರಲ್ಲಿ ಆರಂಭಿಸಿದ ಪತ್ರಿಕೆ. ಬರೆದವರು ಸ್ಟ್ಯಾನ್ ಲೀ, ಚಿತ್ರ ಬರೆದವರು ಜ್ಯಾಕ್ ಕರ್ಬಿ. ಇದು ಕಟ್ಟುನಿಟ್ಟಿನ ತಂಡ. ಇರಲು ದೊಡ್ಡ ಬಂಗಲೆ, ಸದಸ್ಯರ ಪಟ್ಟಿ, ಅಧ್ಯಕ್ಷ, ಸಭೆ ಎಲ್ಲವೂ ಉಂಟು. 1973ರ ಹೊತ್ತಿಗೆ ಕ್ಯಾಪ್ಟನ್ ಅಮೆರಿಕ, ಐರನ್ ಮ್ಯಾನ್, ಥಾರ್, ವಿಷನ್, ಸ್ಕಾರ್ಲೆಟ್ ವಿಚ್, ಬ್ಲ್ಯಾಕ್ ಪ್ಯಾಂಥರ್, ಸ್ವೋರ್ಡ್ಸ್‌ಮನ್, ಮ್ಯಾಂಟಿಸ್ ಎಂಬ ಎಂಟು ಜನ ಇದರಲ್ಲಿದ್ದರು.

ಇನ್ನೊಂದು ಡಿಫೆಂಡರ್ಸ್. ಇವರು ಮೊದಲು ಕಾಣಿಸಿಕೊಂಡದ್ದು 1971ರ ಕೊನೆಗೆ, ಸ್ವಂತ ಪತ್ರಿಕೆ ಬಂದದ್ದು 1972ರಲ್ಲಿ. ಇದು ಹೆಸರಿಗೆ ಮಾತ್ರ ತಂಡ. ಪಟ್ಟಿಯಿಲ್ಲ, ಅಧ್ಯಕ್ಷನಿಲ್ಲ. ಮಂತ್ರವಾದಿ ಡಾಕ್ಟರ್ ಸ್ಟ್ರೇಂಜನ ಮನೆಯ ಚಾವಡಿಯಲ್ಲಿ ಬೇಕಾದಾಗ ಸೇರುತ್ತಾರೆ, ಬೇಡವಾದಾಗ ಎದ್ದು ಹೋಗುತ್ತಾರೆ. ಒಬ್ಬರ ಮಾತು ಒಬ್ಬರಿಗೆ ಆಗದು. ಸಮುದ್ರದೊಳಗಿನ ರಾಜ್ಯದ ದೊರೆ ಸಬ್ ಮರಿನರ್, ಹಸಿರು ಮೈಯ ಮಹಾಬಲಶಾಲಿ ಹಲ್ಕ್, ಆಕಾಶ ಸಂಚಾರಿ ಸಿಲ್ವರ್ ಸರ್ಫರ್, ವೀರ ಕನ್ಯೆ ವಾಲ್ಕರಿ, ಅವೆಂಜರ್ಸ್ ತಂಡವನ್ನು ಬಿಟ್ಟು ಬಂದ ಬಿಲ್ಲುಗಾರ ಹಾಕ್‌ಐ. ಸ್ಟ್ರೇಂಜ್ ಸೇರಿ ಒಟ್ಟು ಆರು ಜನ.

ಈ ಎರಡೂ ಪತ್ರಿಕೆಗಳನ್ನು ಆಗ ಬರೆಯುತ್ತಿದ್ದವರು ಒಬ್ಬರೇ, ಸ್ಟೀವ್ ಎಂಗಲ್‌ಹಾರ್ಟ್. 1947ರಲ್ಲಿ ಹುಟ್ಟಿದವರು, ಅಂದರೆ ಆಗ 26 ವರ್ಷದ ಯುವಕ. ಅವೆಂಜರ್ಸ್ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದವರು ಬಾಬ್ ಬ್ರೌನ್. ಡಿಫೆಂಡರ್ಸ್ ಪತ್ರಿಕೆಗೆ ಸ್ಯಾಲ್ ಬ್ಯುಸೆಮಾ. ಸಂಪಾದಕರು ರಾಯ್ ಥಾಮಸ್. ಭಾಗವತರು ಒಬ್ಬರೇ, ಮೇಳ ಎರಡು. ಆದ್ದರಿಂದಲೇ ಈ ಆಟ ಸಾಧ್ಯವಾಯಿತು. ಒಂದು ಪತ್ರಿಕೆಯಲ್ಲಿ ಬಿಟ್ಟ ಎಳೆಯನ್ನು ಇನ್ನೊಂದು ಪತ್ರಿಕೆಯಲ್ಲಿ ಅದೇ ಕೈ ಹಿಡಿದುಕೊಳ್ಳಬಹುದಲ್ಲ!

ಒಂದು ಮಾತು ಸೇರಿಸಬೇಕು. ವೀರರು ಒಬ್ಬರನ್ನೊಬ್ಬರು ಭೇಟಿಯಾಗುವುದು ಅಲ್ಲಿ ಮೊದಲೇ ಇತ್ತು. ಮಾರ್ವೆಲ್‌ಗೆ ಎದುರಾಳಿಯಾದ ಡಿಸಿ ಪ್ರಕಾಶನದವರು 1963ರಿಂದ ವರ್ಷಕ್ಕೊಮ್ಮೆ ತಮ್ಮ ಹೊಸ ವೀರರ ತಂಡವನ್ನೂ ಹಳೆಯ ವೀರರ ತಂಡವನ್ನೂ ಸೇರಿಸಿ ಆಡಿಸುತ್ತಿದ್ದರು. ಆದರೆ ಅದು ಒಂದೇ ಪತ್ರಿಕೆಯ ಒಳಗೆ ನಡೆಯುತ್ತಿತ್ತು. ಎರಡು ಪತ್ರಿಕೆಗಳ ನಡುವೆ ತಿಂಗಳುಗಟ್ಟಲೆ ಹಾವುಏಣಿಯಂತೆ ಹತ್ತಿ ಇಳಿಯುವ ಇಷ್ಟು ದೊಡ್ಡ ಕತೆ ಆಗ ಹೊಸತು. ಮುಖಪುಟದ ಲೆಕ್ಕದಲ್ಲಿ 1973ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ನಾಲ್ಕು ತಿಂಗಳು. ಅವೆಂಜರ್ಸ್ 115ರಿಂದ 118, ಡಿಫೆಂಡರ್ಸ್ 8ರಿಂದ 11. ಒಟ್ಟು ಎಂಟು ಸಂಚಿಕೆ.

ಇನ್ನು ಕತೆ.

ಅವೆಂಜರ್ಸ್ ಬಳಗದ ಒಬ್ಬ ವೀರ, ಬ್ಲ್ಯಾಕ್ ನೈಟ್, ಅಂದರೆ ಕಪ್ಪು ಕವಚದ ರಾವುತ. ಡಿಫೆಂಡರ್ಸ್ ಜತೆಗೂ ಒಮ್ಮೆ ಸೇರಿ ಹೋರಾಡಿದವನು. ಒಬ್ಬ ಮಾಯಾವಿನಿ ಅವನನ್ನು ಕಲ್ಲಾಗಿಸಿದಳು. ಡಿಫೆಂಡರ್ಸ್ 4ನೆಯ ಸಂಚಿಕೆಯಲ್ಲಿ ಇದು ನಡೆಯಿತು. ನಮ್ಮ ಅಹಲ್ಯೆಯ ಹಾಗೆ ಅವನು ಕಲ್ಲು, ಆದರೆ ಶಾಪ ಕಳೆಯುವ ರಾಮನಿಲ್ಲ. ಡಾಕ್ಟರ್ ಸ್ಟ್ರೇಂಜ್ ಅವನನ್ನು ಬದುಕಿಸುವ ದಾರಿ ಹುಡುಕುತ್ತಿದ್ದ. ಆದರೆ ಈ ಸಂಗತಿಯನ್ನು ಅವೆಂಜರ್ಸ್ ತಂಡಕ್ಕೆ ತಿಳಿಸಿರಲಿಲ್ಲ. ಇಲ್ಲಿ ಬಿತ್ತು ಜಗಳದ ಬೀಜ. ಸುಳ್ಳು ಹೇಳಿದ್ದಲ್ಲ, ಹೇಳಬೇಕಾದವರಿಗೆ ಹೇಳದೆ ಉಳಿದದ್ದು.

ಅವೆಂಜರ್ಸ್ ತಮ್ಮ ಸ್ನೇಹಿತ ಕಾಣುತ್ತಿಲ್ಲ ಎಂದು ಇಂಗ್ಲೆಂಡಿನಲ್ಲಿದ್ದ ಅವನ ಕೋಟೆಗೆ ಹೋಗುತ್ತಾರೆ. ಕೋಟೆಯ ಸುತ್ತ ಮಂತ್ರದ ಬೇಲಿ. ಒಳಗೆ ಹೋಗುವ ಹಾಗಿಲ್ಲ. ಯಾರು ಹಾಕಿದರು, ಯಾಕೆ ಹಾಕಿದರು ತಿಳಿಯದು. ಮನಸ್ಸಿನಲ್ಲಿ ಸಂಶಯ ಹೊಕ್ಕಿತು. ಸಂಶಯ ಹೊಕ್ಕ ಮನಸ್ಸು ಬಾಗಿಲು ತೆರೆದಿಟ್ಟ ಮನೆ. ಯಾರು ಬೇಕಾದರೂ ಬರಬಹುದು.

ಬಂದವರು ಇಬ್ಬರು. ಒಬ್ಬ ಡೋರ್ಮಾಮು, ಕತ್ತಲೆಯ ಲೋಕವೊಂದರ ಒಡೆಯ, ತಲೆಯೇ ಬೆಂಕಿ. ಇನ್ನೊಬ್ಬ ಲೋಕಿ, ಥಾರನ ಸಾಕು ಸಹೋದರ, ಕುತಂತ್ರದಲ್ಲಿ ನಮ್ಮ ಶಕುನಿಗೆ ಸಾಟಿ. ಆಗ ಕಣ್ಣು ಕಳೆದುಕೊಂಡಿದ್ದ. ಡೋರ್ಮಾಮು ಭೂಮಿಯ ಮೇಲೆ ಕಾಲಿಡುವುದಿಲ್ಲ ಎಂದು ಹಿಂದೆ ಆಣೆ ಮಾಡಿದ್ದ. ಆಣೆ ಮುರಿಯುವಂತಿಲ್ಲ. ಹಾಗಾಗಿ ಹಿರಣ್ಯಕಶಿಪುವಿನ ವರದಲ್ಲಿ ಸಂದು ಹುಡುಕಿದ ಹಾಗೆ ಇವನು ತನ್ನ ಆಣೆಯಲ್ಲೇ ಸಂದು ಹುಡುಕಿದ. ನಾನು ಭೂಮಿಗೆ ಹೋಗುವುದು ಬೇಡ, ಭೂಮಿಯನ್ನೇ ನನ್ನ ಲೋಕದೊಳಕ್ಕೆ ಎಳೆದುಕೊಂಡರಾಯಿತು! ಅದಕ್ಕೆ ಬೇಕಾದದ್ದು ಒಂದು ಹಳೆಯ ಆಯುಧ. ಅದರ ಹೆಸರು ಈವಿಲ್ ಐ, ಅಂದರೆ ಕೆಟ್ಟ ಕಣ್ಣು. ಅದು ಆರು ತುಂಡಾಗಿ ಭೂಮಿಯ ಆರು ಮೂಲೆಯಲ್ಲಿ ಬಿದ್ದಿದೆ.

ಆಯ್ದು ತರುವವರು ಯಾರು? ಕಲ್ಲಾದ ಸ್ನೇಹಿತನನ್ನು ಬದುಕಿಸಲು ಈ ಕೆಟ್ಟ ಕಣ್ಣು ಬೇಕು ಎಂದು ಡಿಫೆಂಡರ್ಸ್ ನಂಬುವ ಹಾಗೆ ಡೋರ್ಮಾಮು ಮೋಸ ಮಾಡುತ್ತಾನೆ. ಅವರು ಆರು ಜನ, ತುಂಡೂ ಆರು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಡುತ್ತಾರೆ. ಇತ್ತ ಲೋಕಿಗೆ ಒಳಗೊಳಗೇ ಭಯ. ಡೋರ್ಮಾಮುವಿಗೆ ಇಷ್ಟು ಬಲ ಬಂದರೆ ನಾಳೆ ನನ್ನ ಗತಿ ಏನು? ಅವನು ಮೆಲ್ಲನೆ ಅವೆಂಜರ್ಸ್ ಬಳಿಗೆ ಹೋಗಿ ಚಾಡಿ ಹೇಳುತ್ತಾನೆ: ಡಿಫೆಂಡರ್ಸ್ ಕೆಟ್ಟ ಉದ್ದೇಶದಿಂದ ಆ ಆಯುಧವನ್ನು ಹುಡುಕುತ್ತಿದ್ದಾರೆ, ತಡೆಯಿರಿ ಎಂದು.

ಗಮನಿಸಿ ಕೇಳಿ, ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವರು ಹುಡುಕುತ್ತಿರುವುದು ನಿಜ. ಆಯುಧ ಅಪಾಯದ್ದು ಎಂಬುದೂ ನಿಜ. ಉದ್ದೇಶ ಮಾತ್ರ ಸುಳ್ಳು. ಮುಕ್ಕಾಲು ನಿಜಕ್ಕೆ ಕಾಲು ಸುಳ್ಳು ಬೆರೆಸಿದ ಮಾತು ಪೂರ್ತಿ ಸುಳ್ಳಿಗಿಂತ ಬೇಗ ನಂಬಿಕೆ ಹುಟ್ಟಿಸುತ್ತದೆ. ಮೊದಲೇ ಕೋಟೆಯ ಬೇಲಿ ಕಂಡು ಸಂಶಯಪಟ್ಟವರು ಈಗ ಪೂರ್ತಿ ನಂಬಿದರು.

ಇಲ್ಲಿಂದ ಮುಂದೆ ಆರು ಕಾಳಗ, ಆರು ಊರು. ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ಸಿಲ್ವರ್ ಸರ್ಫರನಿಗೆ ವಿಷನ್ ಮತ್ತು ಸ್ಕಾರ್ಲೆಟ್ ವಿಚ್ ಎದುರಾಗುತ್ತಾರೆ. ಇದು ಅವೆಂಜರ್ಸ್ 116ರಲ್ಲಿ. ಮೆಕ್ಸಿಕೋದಲ್ಲಿ ಹಾಕ್‌ಐಗೆ ಐರನ್ ಮ್ಯಾನ್, ಅಮೆರಿಕದ ಇಂಡಿಯಾನಾದಲ್ಲಿ ಡಾಕ್ಟರ್ ಸ್ಟ್ರೇಂಜನಿಗೆ ಬ್ಲ್ಯಾಕ್ ಪ್ಯಾಂಥರ್ ಮತ್ತು ಮ್ಯಾಂಟಿಸ್. ಇದು ಡಿಫೆಂಡರ್ಸ್ 9ರಲ್ಲಿ. ಬೊಲಿವಿಯಾದಲ್ಲಿ ವಾಲ್ಕರಿಗೆ ಸ್ವೋರ್ಡ್ಸ್‌ಮನ್, ಜಪಾನಿನ ಒಸಾಕಾದಲ್ಲಿ ಸಬ್ ಮರಿನರನಿಗೆ ಕ್ಯಾಪ್ಟನ್ ಅಮೆರಿಕ. ಇದು ಅವೆಂಜರ್ಸ್ 117ರಲ್ಲಿ. ಕೊನೆಗೆ ಲಾಸ್ ಏಂಜಲೀಸ್ ನಗರದಲ್ಲಿ ಹಲ್ಕನಿಗೆ ಥಾರ್. ಇದು ಡಿಫೆಂಡರ್ಸ್ 10ರಲ್ಲಿ. ಒಂದು ಸಂಚಿಕೆಯಲ್ಲಿ ಒಂದೋ ಎರಡೋ ಕಾಳಗ. ಕತೆ ಮುಂದಿನದ್ದರಲ್ಲಿ ಎಂದು ಕೊನೆಗೆ ಸೂಚನೆ. ಆದರೆ ಮುಂದಿನದ್ದು ಎಂದರೆ ಅದೇ ಪತ್ರಿಕೆಯ ಮುಂದಿನ ತಿಂಗಳಿನದ್ದಲ್ಲ, ಪಕ್ಕದ ಪತ್ರಿಕೆಯದ್ದು. ಇದೇ ಇದರ ಕೀಲಿ.

ಜೋಡಿಗಳನ್ನು ಸುಮ್ಮನೆ ಕಟ್ಟಿದ್ದಲ್ಲ. ಹಾಕ್‌ಐ ಎಂಬವನು 1964ರಲ್ಲಿ ಮೊದಲು ಕಾಣಿಸಿಕೊಂಡದ್ದೇ ಐರನ್ ಮ್ಯಾನನ ವೈರಿಯಾಗಿ. ಆಮೇಲೆ ಒಂದೇ ತಂಡದಲ್ಲಿ ಜತೆಗಾರರಾದರು. ಈಗ ಮತ್ತೆ ಎದುರು ಬದುರು. ಕ್ಯಾಪ್ಟನ್ ಅಮೆರಿಕ ಹಿಮಗಡ್ಡೆಯಲ್ಲಿ ಹೂತು ಹೋಗಿದ್ದಾಗ, ಸಿಟ್ಟಿನ ಭರದಲ್ಲಿ ಆ ಗಡ್ಡೆಯನ್ನು ಸಮುದ್ರಕ್ಕೆ ಎಸೆದವನು ಇದೇ ಸಬ್ ಮರಿನರ್. ಅದು ಕರಗಿ ಕ್ಯಾಪ್ಟನ್ ಮತ್ತೆ ಎದ್ದು ಬಂದ. 1964ರ ಅವೆಂಜರ್ಸ್ 4ನೆಯ ಸಂಚಿಕೆಯ ಸಂಗತಿ ಇದು. ಹಳೆಯ ಓದುಗನಿಗೆ ಇದೆಲ್ಲ ನೆನಪಿರುತ್ತದೆ. ಹೊಸ ಓದುಗನಿಗೆ ಚಿತ್ರದ ಅಡಿಯಲ್ಲಿ ನಕ್ಷತ್ರ ಗುರುತು ಹಾಕಿ, ಇಂಥ ಸಂಚಿಕೆಯಲ್ಲಿ ನೋಡಿ ಎಂದು ಸಂಪಾದಕರು ಟಿಪ್ಪಣಿ ಬರೆಯುತ್ತಿದ್ದರು. ಪ್ರಸಂಗದ ನಡುವೆ ಅರ್ಥಧಾರಿ ಪೂರ್ವಕತೆ ನೆನಪಿಸುವ ಹಾಗೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಚಿಕೆಗೆ ಬರುತ್ತೇನೆ. 1973ರ ನವೆಂಬರಿನ ಡಿಫೆಂಡರ್ಸ್ 10. ಈ ಎಂಟರಲ್ಲಿ ಓದುಗರ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಇದು. ಹಲ್ಕ್ ಬಲವೋ, ಥಾರ್ ಬಲವೋ? ಭೀಮನೋ ಹನುಮನೋ ಎಂದು ನಮ್ಮ ಮಕ್ಕಳು ವಾದ ಮಾಡುವ ಹಾಗೆ ಅಲ್ಲಿನ ಮಕ್ಕಳ ವಾದ ಇದು. ಇಬ್ಬರೂ ಮನೆ ಉರುಳಿಸಬಲ್ಲವರು. ಇಬ್ಬರೂ ಕೈಗೆ ಕೈ ಕೊಟ್ಟು ಒತ್ತತೊಡಗುತ್ತಾರೆ. ಯಾರೂ ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ಒಂದು ಗಂಟೆಯ ಹೊತ್ತು ಹಾಗೆಯೇ ನಿಂತಿದ್ದಾರೆ. ಸುತ್ತಲೂ ಜನ ನಿಂತು ನೋಡುತ್ತಾರೆ. ಏನೂ ಆಗುವುದಿಲ್ಲ. ಕಟ್ಟಡ ಬೀಳುವುದಿಲ್ಲ, ರಕ್ತ ಸುರಿಯುವುದಿಲ್ಲ. ಬಲದಲ್ಲಿ ಸಮನಾದ ಇಬ್ಬರು ಅಲುಗಾಡದೆ ನಿಂತಿರುವುದನ್ನೇ ಸ್ಯಾಲ್ ಬ್ಯುಸೆಮಾ ಚಿತ್ರಿಸಿದರು. ಹೊಡೆತದ ಸದ್ದನ್ನು ದೊಡ್ಡ ಅಕ್ಷರದಲ್ಲಿ ಬರೆಯುವ ಪತ್ರಿಕೆಗಳಲ್ಲಿ ಈ ಮೌನ ಅಪರೂಪ.

ಆ ಕಾಳಗದ ತೀರ್ಪು ಏನಾಯಿತು? ತೀರ್ಪೇ ಆಗಲಿಲ್ಲ. ಕಾರಣ ಒಸಾಕಾದಲ್ಲಿ ನಡೆದ ಸಂಗತಿ. ಅಲ್ಲಿ ಕ್ಯಾಪ್ಟನ್ ಅಮೆರಿಕನೂ ಸಬ್ ಮರಿನರನೂ ಹೊಡೆದಾಡುತ್ತಿದ್ದಾಗ ಮೂರನೆಯವನೊಬ್ಬ ನಡುವೆ ಬಂದ. ಜಪಾನಿನ ವೀರ ಸನ್‌ಫೈರ್. ಕೈಗೆ ಬಂದ ತುಂಡು ಕೈ ತಪ್ಪುವ ಹಾಗಾಯಿತು. ಆಗ ಇಬ್ಬರಿಗೂ ಮಾತಾಡಬೇಕಾಗಿ ಬಂತು. ನೀನು ಯಾಕೆ ಬಂದೆ? ನೀನು ಯಾಕೆ ಬಂದೆ? ನಿನಗೆ ಹೇಳಿದವರು ಯಾರು? ಇಷ್ಟೇ ಪ್ರಶ್ನೆ. ಎರಡು ಅರ್ಧಗಳನ್ನು ಜೋಡಿಸಿದ ಕೂಡಲೇ ಮೋಸ ಬಯಲಾಯಿತು. ಆಮೇಲೆ ಎಲ್ಲರೂ ಲಾಸ್ ಏಂಜಲೀಸಿಗೆ ಧಾವಿಸಿ, ಕೈ ಕೊಟ್ಟು ನಿಂತಿದ್ದ ಇಬ್ಬರನ್ನು ಬಿಡಿಸುತ್ತಾರೆ. ಜೋಡಾಟ ಮುಗಿಯಿತು, ಕೂಡಾಟ ಶುರು.

ಆದರೆ ಹೊತ್ತು ಮೀರಿತ್ತು. ಇವರು ಜಗಳದಲ್ಲಿ ಮುಳುಗಿದ್ದಾಗ ಆರೂ ತುಂಡುಗಳು ಒಂದೆಡೆ ಸೇರಿದ್ದವು. ಡೋರ್ಮಾಮುವಿನ ಭಂಟ ಅವನ್ನು ಹಾರಿಸಿಕೊಂಡು ಹೋದ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಡೋರ್ಮಾಮುವಿನ ಕತ್ತಲೆಯ ಲೋಕ ಭೂಮಿಯ ಮೇಲೆ ಹರಡತೊಡಗಿತು, ಬೀದಿಯಲ್ಲಿ ಹೋಗುವ ಜನರೇ ವಿಕಾರ ರೂಪ ತಾಳತೊಡಗಿದರು. ಅವೆಂಜರ್ಸ್ 118ರಲ್ಲಿ ಎರಡೂ ತಂಡಗಳು ಸೇರಿ ಆ ಲೋಕಕ್ಕೆ ನುಗ್ಗುತ್ತವೆ. ಕೊನೆಯ ಪೆಟ್ಟು ಕೊಟ್ಟವಳು ಸ್ಕಾರ್ಲೆಟ್ ವಿಚ್. ಆಕೆಯ ಮಾಟದಿಂದ ಆಯುಧದ ಶಕ್ತಿ ಡೋರ್ಮಾಮುವಿನ ಮೇಲೆಯೇ ತಿರುಗಿತು. ಚಾಡಿ ಹೇಳಿದ ಲೋಕಿ ಬುದ್ಧಿ ಕಳೆದುಕೊಂಡ.

ಇಲ್ಲಿಗೆ ಮಂಗಳ ಹಾಡಬಹುದಿತ್ತು. ಎಂಗಲ್‌ಹಾರ್ಟ್ ಹಾಡಲಿಲ್ಲ. ಡಿಫೆಂಡರ್ಸ್ 11ರಲ್ಲಿ ಇನ್ನೊಂದು ಮಾತಿದೆ. ಇಷ್ಟೆಲ್ಲ ಆದದ್ದು ಯಾರಿಗೋಸ್ಕರ? ಕಲ್ಲಾದ ಸ್ನೇಹಿತನಿಗೋಸ್ಕರ. ಅವನ ಜೀವ 12ನೆಯ ಶತಮಾನಕ್ಕೆ, ಧರ್ಮಯುದ್ಧಗಳ ಕಾಲಕ್ಕೆ ಹೋಗಿ ಸೇರಿತ್ತು. ಡಿಫೆಂಡರ್ಸ್ ಅಲ್ಲಿಯವರೆಗೂ ಹೋಗಿ ಕರೆಯುತ್ತಾರೆ. ಅವನು ಬರಲು ಒಪ್ಪುವುದಿಲ್ಲ. ನಾನು ಇರಬೇಕಾದ ಕಾಲ ಇದೇ ಎಂದು ಅಲ್ಲಿಯೇ ಉಳಿಯುತ್ತಾನೆ. ಹದಿನಾಲ್ಕು ಜನ ಭೂಮಿಯ ಆರು ಮೂಲೆಯಲ್ಲಿ ಹೊಡೆದಾಡಿದರು. ಯಾರಿಗಾಗಿ ಹೊಡೆದಾಡಿದರೋ ಅವನಿಗೆ ಅದು ಬೇಕಾಗಿರಲಿಲ್ಲ. ಅವನನ್ನು ಕೇಳುವ ಅವಕಾಶ ಯಾರಿಗೂ ಸಿಕ್ಕಿರಲಿಲ್ಲ.

ಶ್ರೋತೃಗಳೇ, ಇದನ್ನು ಕೇಳುವಾಗ ನಿಮಗೆ ಕೃಷ್ಣಾರ್ಜುನ ಕಾಳಗ ನೆನಪಾಗದೆ ಇರದು. ಗಯನೆಂಬ ಗಂಧರ್ವ ಆಕಾಶದಲ್ಲಿ ಹೋಗುವಾಗ ಉಗುಳಿದ್ದು ಕೃಷ್ಣನ ಅರ್ಘ್ಯದ ಕೈಗೆ ಬಿತ್ತು. ಕೃಷ್ಣ ಅವನನ್ನು ಕೊಲ್ಲುತ್ತೇನೆಂದು ಆಣೆ ಮಾಡಿದ. ಯಾರ ಮೇಲೆ ಎಂದು ತಿಳಿಯದೆ ಅರ್ಜುನ ಅವನಿಗೆ ಅಭಯ ಕೊಟ್ಟ. ಇಬ್ಬರೂ ಒಳ್ಳೆಯವರು, ಇಬ್ಬರದೂ ಮಾತಿಗೆ ತಪ್ಪದ ಛಲ, ಆದ್ದರಿಂದಲೇ ಯುದ್ಧ. ಮಡಕಶಿರ, ರಾಯದುರ್ಗದ ಕಡೆಯವರಿಗೆ ಇದೇ ಕತೆ ತೆಲುಗಿನಲ್ಲಿ ಚಿಲಕಮರ್ತಿ ಲಕ್ಷ್ಮೀನರಸಿಂಹಂ ಅವರ ಗಯೋಪಾಖ್ಯಾನ ನಾಟಕವಾಗಿ ಗೊತ್ತು. 1963ರಲ್ಲಿ ಎನ್.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರ ರಾವ್ ಅಭಿನಯದ ಸಿನಿಮಾ ಆಗಿಯೂ ಬಂತು. ಅಮೆರಿಕದ ಆ ಯುವಕ ಇದನ್ನು ಓದಿದ್ದ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರ ನಡುವಿನ ಯುದ್ಧಕ್ಕೆ ಕೆಟ್ಟವರ ನಡುವಿನ ಯುದ್ಧಕ್ಕಿಂತ ಹೆಚ್ಚು ಜನ ಸೇರುತ್ತಾರೆ ಎಂಬುದು ಎಲ್ಲ ಊರಿನ ಕತೆಗಾರರಿಗೂ ಗೊತ್ತಿರುವ ಗುಟ್ಟು.

ಇನ್ನು ವ್ಯಾಪಾರದ ಕಡೆ ನೋಡೋಣ. ಅದನ್ನು ಮುಚ್ಚಿಟ್ಟರೆ ವಿವರಣೆ ಪೂರ್ತಿಯಾಗದು. ಆಗ ಒಂದು ಸಂಚಿಕೆಗೆ 20 ಸೆಂಟ್ ಬೆಲೆ. ಒಂದೇ ಪತ್ರಿಕೆ ಓದುವ ಹುಡುಗನಿಗೆ ತಿಂಗಳಿಗೆ 20 ಸೆಂಟ್ ಸಾಕಿತ್ತು. ಈ ಕತೆ ಪೂರ್ತಿ ತಿಳಿಯಬೇಕಾದರೆ 40 ಸೆಂಟ್ ಬೇಕು. ಎಂಟೂ ಸಂಚಿಕೆಗೆ 1 ಡಾಲರ್ 60 ಸೆಂಟ್. ಅವೆಂಜರ್ಸ್ ಹಳೆಯ, ಹೆಸರಾದ ಪತ್ರಿಕೆ. ಡಿಫೆಂಡರ್ಸ್ ಹೊಸ ಕೂಸು. ದೊಡ್ಡ ಮೇಳದ ಪ್ರೇಕ್ಷಕರನ್ನು ಸಣ್ಣ ಮೇಳದ ಡೇರೆಗೂ ಕರೆದುಕೊಂಡು ಬರುವ ಉಪಾಯ ಇದು. ಪೇಟೆಯ ಪತ್ರಿಕೆ ಅಂಗಡಿಯಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಆ ಹುಡುಗನ ಪಾಡು ಕಷ್ಟವೇ. ತಿಂಗಳು ಕಳೆದರೆ ಆ ಸಂಚಿಕೆ ಅಂಗಡಿಯಲ್ಲಿ ಇರುವುದಿಲ್ಲ.

ತಯಾರಿಸುವವರಿಗೂ ಕಷ್ಟವೇ. ಮಾರ್ವೆಲ್‌ನ ಆಗಿನ ಪದ್ಧತಿಯಲ್ಲಿ ಲೇಖಕ ಮೊದಲು ಕತೆಯ ಸಾರ ಕೊಡುತ್ತಿದ್ದ. ಚಿತ್ರಕಾರ ಅದನ್ನು ಪುಟಗಳಾಗಿ ಬರೆಯುತ್ತಿದ್ದ. ಆಮೇಲೆ ಲೇಖಕ ಮಾತು ತುಂಬುತ್ತಿದ್ದ. ಅಕ್ಷರ ಬರೆಯುವವರು ಬೇರೆ, ಶಾಯಿ ಹಾಕುವವರು ಬೇರೆ, ಬಣ್ಣ ಹೇಳುವವರು ಬೇರೆ. ಇಷ್ಟು ಕೈ ದಾಟಿ ಎರಡು ಪತ್ರಿಕೆಗಳು ಹೆಜ್ಜೆಗೆ ಹೆಜ್ಜೆ ಇಟ್ಟು ಬರಬೇಕು. ಒಂದು ತಡವಾದರೆ ಪ್ರೇಕ್ಷಕನಿಗೆ ಸಂಹಾರ ಮೊದಲು, ಯುದ್ಧ ಆಮೇಲೆ! ಆದರೂ ಎಂಗಲ್‌ಹಾರ್ಟ್ ಒಂದು ಜಾಣತನ ಮಾಡಿದರು. ಒಂದೊಂದು ಕಾಳಗವನ್ನೂ ಒಂದು ಅಧ್ಯಾಯವಾಗಿ ಕಟ್ಟಿದರು. ಒಂದೇ ಸಂಚಿಕೆ ಸಿಕ್ಕಿದವನಿಗೂ ಆದಿ ಅಂತ್ಯವಿರುವ ಒಂದು ಕಾಳಗವಾದರೂ ಸಿಗುತ್ತದೆ. ಅರ್ಧ ಓದಿದವನಿಗೂ ಕೈ ಬರಿದಾಗುವುದಿಲ್ಲ.

ಈ ಔದಾರ್ಯ ಮುಂದೆ ಎಲ್ಲ ಕಡೆ ಉಳಿಯಲಿಲ್ಲ. 1984ರಲ್ಲಿ ಮಾರ್ವೆಲ್‌ನವರು ಸೀಕ್ರೆಟ್ ವಾರ್ಸ್ ಎಂಬ 12 ಸಂಚಿಕೆಯ ಕತೆ ತಂದರು. ಬರೆದವರು ಜಿಮ್ ಶೂಟರ್. ಮ್ಯಾಟೆಲ್ ಎಂಬ ಆಟಿಕೆ ಕಂಪೆನಿಯ ಗೊಂಬೆಗಳ ಮಾರಾಟದ ಜತೆಗೆ ಅದು ಹುಟ್ಟಿತು. 1985ರಲ್ಲಿ ಡಿಸಿಯವರು ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್ ತಂದರು. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ 12 ಸಂಚಿಕೆ. ಅದರಲ್ಲಿ ಸೂಪರ್‌ಗರ್ಲ್ ಸತ್ತಳು, ಫ್ಲ್ಯಾಶ್ ಎಂಬ ವೀರ ಸತ್ತ. ಪ್ರಕಾಶನದ ಬೇರೆ ಪತ್ರಿಕೆಗಳೂ ಆ ಕತೆಯ ಎಳೆಯನ್ನು ತಮ್ಮೊಳಗೆ ಸೇರಿಸಿಕೊಂಡವು. ಅಲ್ಲಿಂದ ಮುಂದೆ ವರ್ಷ ವರ್ಷವೂ ಒಂದು ಮಹಾಸಂಗ್ರಾಮ. ಒಂದು ಕತೆ ತಿಳಿಯಲು ಹತ್ತಾರು ಪತ್ರಿಕೆ ಕೊಳ್ಳಬೇಕಾದ ಕಾಲ ಬಂತು. ಕೊಂಡವರಲ್ಲಿ ಅನೇಕರು ಓದಲಿಕ್ಕಲ್ಲ, ಮುಂದೆ ಬೆಲೆ ಬರುತ್ತದೆ ಎಂದು ಕೊಂಡು ಕಟ್ಟಿಟ್ಟರು. ಆ ಗುಳ್ಳೆ 1990ರ ದಶಕದಲ್ಲಿ ಒಡೆಯಿತು. ಸಾಲದ ಹೊರೆಯೂ ಸೇರಿ 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪೆನಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು.

ಆಮೇಲೆ ಚೇತರಿಸಿಕೊಂಡು ಸಿನಿಮಾಕ್ಕೆ ಇಳಿದರು. 2012ರಲ್ಲಿ ಅವೆಂಜರ್ಸ್ ಸಿನಿಮಾ ಬಂತು. 2019ರ ಎಂಡ್‌ಗೇಮ್ ಸಿನಿಮಾ ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿಯೂ ಡಬ್ ಆಗಿ ಬಂದಿತು. ಗಡಿನಾಡಿನ ನಮ್ಮ ಮಕ್ಕಳು ಥಾರನೂ ಹಲ್ಕನೂ ತಮಿಳಿನಲ್ಲೋ ತೆಲುಗಿನಲ್ಲೋ ಮಾತಾಡುವುದನ್ನು ಕೇಳಿ ಬಂದು ಮನೆಯಲ್ಲಿ ಕನ್ನಡದಲ್ಲಿ ಕತೆ ಹೇಳಿದ್ದುಂಟು. ಹಲವು ಸಿನಿಮಾಗಳ ಎಳೆಗಳನ್ನು ಒಂದೆಡೆ ಕೂಡಿಸುವ ಆ ವಿದ್ಯೆಯ ಬೇರು ಈ ಎಂಟು ಸಂಚಿಕೆಗಳಂಥ ಹಳೆಯ ಕತೆಗಳಲ್ಲಿದೆ.

ಕೊನೆಗೆ ಒಂದು ಮಾತು. ಈ ಕತೆಯನ್ನು ಅವೆಂಜರ್ಸ್ ಪತ್ರಿಕೆ ಮಾತ್ರ ಓದಿದವನು ಒಂದು ಬಗೆಯಾಗಿ ಕಂಡ. ಡಿಫೆಂಡರ್ಸ್ ಪತ್ರಿಕೆ ಮಾತ್ರ ಓದಿದವನು ಇನ್ನೊಂದು ಬಗೆಯಾಗಿ ಕಂಡ. ಎರಡನ್ನೂ ಓದಿದ ಹುಡುಗನಿಗೆ ಮಾತ್ರ ಮೊದಲ ತಿಂಗಳಿನಿಂದಲೇ ಗೊತ್ತಿತ್ತು, ಇಬ್ಬರೂ ಒಳ್ಳೆಯವರು, ಮೋಸ ಮಾಡುವವನು ಬೇರೆ ಎಂದು. ಅವನು ಪುಟ ತಿರುಗಿಸುತ್ತಾ, ಅಯ್ಯೋ ನಿಲ್ಲಿಸಿರಪ್ಪಾ, ಒಂದು ಮಾತು ಕೇಳಿರಪ್ಪಾ ಎಂದು ಮನಸ್ಸಿನಲ್ಲೇ ಕೂಗಿರಬೇಕು.

ಗಡಿಯಲ್ಲಿ ಬದುಕುವ ನಾವು ಆ ಎರಡು ಪತ್ರಿಕೆ ಓದುವ ಹುಡುಗನ ಹಾಗೆ. ನಮ್ಮ ಚಾವಡಿಗೆ ಎರಡು ಭಾಷೆಯ ಪತ್ರಿಕೆ ಬರುತ್ತದೆ. ಒಂದೇ ಬಸ್ಸು, ಒಂದೇ ಶಾಲೆ, ಒಂದೇ ನೀರಿನ ವಿಷಯ ಒಂದು ಭಾಷೆಯಲ್ಲಿ ಒಂದು ಬಗೆಯಾಗಿ, ಇನ್ನೊಂದು ಭಾಷೆಯಲ್ಲಿ ಇನ್ನೊಂದು ಬಗೆಯಾಗಿ ಕಿವಿಗೆ ಬೀಳುತ್ತದೆ. ಒಂದೇ ಭಾಷೆ ಬಲ್ಲವನಿಗೆ ಅರ್ಧ ಕತೆಯೇ ಪೂರ್ತಿ ಕತೆ. ನಮಗೆ ಹಾಗಲ್ಲ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸೊಸೈಟಿಯ ಸಾಲಿನಲ್ಲಿ ಯಾರಾದರೂ ಮುಕ್ಕಾಲು ನಿಜಕ್ಕೆ ಕಾಲು ಸುಳ್ಳು ಬೆರೆಸಿ ಹೇಳಿದಾಗ, ಆ ಕಡೆಯವರು ಏನು ಹೇಳುತ್ತಾರೆ ಎಂದು ಅವರ ಭಾಷೆಯಲ್ಲಿಯೇ ಕೇಳಿ ತಿಳಿಯುವ ಶಕ್ತಿ ನಮಗಿದೆ. ಎರಡು ಭಾಷೆ ಕಲಿಯುವ ಕಷ್ಟ ನಮ್ಮ ಮಕ್ಕಳಿಗೆ ಹೊರೆ ಎಂದು ಹಲವರು ಹೇಳುತ್ತಾರೆ. ಹೊರೆ ಹೌದು. ಆದರೆ ಒಸಾಕಾದಲ್ಲಿ ಕೇಳಿದಂಥ ಮೂರು ಪ್ರಶ್ನೆಗಳನ್ನು ಇಬ್ಬರ ಬಳಿಯೂ ಕೇಳಬಲ್ಲವರು ಆ ಹೊರೆ ಹೊತ್ತವರೇ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮನೆಯಲ್ಲಿ ಮಕ್ಕಳು ಕಾಮಿಕ್ಸ್ ಹಿಡಿದು ಕುಳಿತಿದ್ದರೆ ಇನ್ನು ಮುಂದೆ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ: ಇದರಲ್ಲಿ ಯಾರು ಯಾರ ಮಾತು ನಂಬಿ ಹೊಡೆದಾಡುತ್ತಿದ್ದಾರೆ, ಮಗಾ? ಅವರು ಕೊಡುವ ಉತ್ತರ ಕೇಳುವಂಥದ್ದಾಗಿರುತ್ತದೆ.